ಸನಾಯಿಯಾದ ಕಮರ್

ನಾನು ಹುಟ್ಟಾ ಅನುಮಾನದ ಪ್ರಾಣಿ. ಮೀನಿನವಳು ಎರಡು ಬಂಗುಡೆ ಹೆಚ್ಚಿಗೆ ಹಾಕಿದರೆ ಹಳಸಿದ್ದಿರಬೇಕು ಎಂದು ಮೂಗಿನ ಹತ್ತಿರ ಹಿಡಿಯುವವನು. ಉಡುಪಿ ಬಿಟ್ಟು ಸೌದಿಯ ಹಾಯಿಲ್‌ಗೆ ಬಂದ ಮೇಲೂ ಆ ಬುದ್ಧಿ ಹೋಗಲಿಲ್ಲ.

ಇಲ್ಲಿನ ಒಂದು ತರಕಾರಿ ಫಾರ್ಮಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಪಂಪಿನ ಬಿಡಿಭಾಗ ತರಲು ವಾರಕ್ಕೆರಡು ಸಲ ಕಂಪನಿಯ ಪಿಕಪ್ ತೆಗೆದುಕೊಂಡು ಪೇಟೆಗೆ ಹೋಗಬೇಕು. ಬರುವಾಗ ಸನಾಯಿಯಾಕ್ಕೆ ನುಗ್ಗುವುದು ನನ್ನ ಕಳ್ಳ ಅಭ್ಯಾಸ. ಸನಾಯಿಯಾ ಎಂದರೆ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳ ಬೀದಿ. ಇಲ್ಲಿ ದೊಡ್ಡ ಊರಿಗೆಲ್ಲ ಒಂದೊಂದಿದೆ. ಅಲ್ಲಿ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರೊಬ್ಬರ ಗ್ಯಾರೇಜು. ನಾನು ಅವರನ್ನು ಬ್ಯಾರಿಗಳೇ ಎನ್ನುತ್ತೇನೆ. ನಾನು ಕ್ರಿಶ್ಚಿಯನ್ ಆದದ್ದರಿಂದ ಅವರು ನನ್ನನ್ನು ಪೊರ್ಬುಗಳೇ ಎನ್ನುತ್ತಾರೆ. ಹತ್ತು ವರ್ಷದಿಂದ ಅವರ ಸುಲೈಮಾನಿ ಚಹಾ, ನನ್ನ ಹರಟೆ. ಮನೆಯಲ್ಲಿ ಹೆಂಡತಿ, ಮಗಳನ್ನು ಬಿಟ್ಟರೆ ಇಡೀ ಹಾಯಿಲ್‌ನಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವರೊಬ್ಬರ ಹತ್ತಿರ.

ಒಂದು ಬೆಳಿಗ್ಗೆ ಮುದೀರ್, ಅಂದರೆ ನಮ್ಮ ಸೌದಿ ಮ್ಯಾನೇಜರ್, ನನ್ನನ್ನು ಕರೆಸಿ, ನಿನ್ನೆ ಗಾಡಿ ಒಂದು ಗಂಟೆ ಸನಾಯಿಯಾದಲ್ಲಿ ಯಾಕೆ ನಿಂತಿತ್ತು ಎಂದು ಕೇಳಿದರು. ಯಾರು ಹೇಳಿದರು ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಅವರು ನಕ್ಕು, "ಕಮರ್ ಸನಾಯಿ" ಎಂದರು. ನನ್ನ ಅರಬ್ಬಿ ಸ್ಟೋರಿನ ಬಾಗಿಲು ದಾಟದ ಅರಬ್ಬಿ. ಕಮರ್ ಎಂಬ ಹೆಸರಿನವನು, ಸನಾಯಿಯಾದವನು. ಇದರಲ್ಲಿ ತಿಳಿಯದೇ ಇರುವುದು ಏನಿದೆ?

ಮುಂದಿನ ಸಲ ಗ್ಯಾರೇಜಿಗೆ ಹೋದವನೇ, "ಬ್ಯಾರಿಗಳೇ, ಇಲ್ಲಿ ಕಮರ್ ಅಂತ ಯಾರುಂಟು?" ಎಂದೆ.

ಬ್ಯಾರಿಗಳು ಲಾರಿಯೊಂದರ ಅಡಿಯಿಂದ ತಲೆ ಹೊರಗೆ ಹಾಕಿ ಗಹಗಹಿಸಿ ನಕ್ಕರು. "ಕಮರಾ? ಮೇಲೆ ಇದ್ದಾನಲ್ಲ ಮಾರಾಯ್ರೆ!" ಎಂದು ಸ್ಪ್ಯಾನರನ್ನು ಮೇಲಕ್ಕೆತ್ತಿ ತೋರಿಸಿದರು.

ಗ್ಯಾರೇಜಿನ ಮೇಲೆ ಕೆಲಸಗಾರರು ಬಾಡಿಗೆಗಿದ್ದ ಕೋಣೆಗಳಿದ್ದವು. ಒಂದು ಕಿಟಕಿಯ ಪರದೆ ಅಲ್ಲಾಡಿತು. ಏಸಿಯ ಗಾಳಿಗಿರಬಹುದು, ಆದರೆ ಆಗ ಹಾಗೆ ಯೋಚಿಸುವ ತಾಳ್ಮೆ ನನಗೆಲ್ಲಿ? ಚಾಡಿ ಹೇಳುವವನು ಮೇಲೆ ಕೂತಿದ್ದಾನೆ, ಬ್ಯಾರಿಗಳಿಗೆ ಅದು ಗೊತ್ತಿದೆ, ಸಾಲದ್ದಕ್ಕೆ ನಗು ಬೇರೆ. ಚಹಾ ಮುಟ್ಟದೆ ಎದ್ದು ಬಂದೆ.

ಬಂದು ಸುಮ್ಮನಿರಬಹುದಿತ್ತು. ನಮ್ಮ ಕಡೆಯವರು ನಾಲ್ಕು ಜನ ಸೇರಿದಲ್ಲೆಲ್ಲ, "ಬ್ಯಾರಿಗಳ ಗ್ಯಾರೇಜಿಗೆ ಹೋಗ್ಬೇಡಿ, ಅಲ್ಲಿ ಆಡಿದ್ದೆಲ್ಲ ಕಂಪನಿಯ ಕಿವಿಗೆ ಮುಟ್ತದೆ" ಎಂದೆ. ಕೆಲವರು ಗಾಡಿಯನ್ನು ಬೇರೆ ಕಡೆ ಕೊಂಡುಹೋಗತೊಡಗಿದರು. ಆಗ ನನಗೆ ಒಳಗೊಳಗೇ ಸಮಾಧಾನವಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ತಿಂಗಳಾಗಿರಬೇಕು. ಮಗಳಿಗೆ ಶಾಲೆಯಲ್ಲಿ ಮೊದಲ ಉಪಗ್ರಹದ ಬಗ್ಗೆ ಪ್ರಾಜೆಕ್ಟ್ ಕೊಟ್ಟರು. ಥರ್ಮಾಕೋಲ್ ಚೆಂಡಿಗೆ ಅಡುಗೆಮನೆಯ ಫಾಯಿಲ್ ಸುತ್ತಿ, ನಾಲ್ಕು ಕಬಾಬ್ ಕಡ್ಡಿ ಚುಚ್ಚಿ ಇಬ್ಬರೂ ಸೇರಿ ಸ್ಪುಟ್ನಿಕ್ ಮಾಡಿದೆವು. ಕಡ್ಡಿ ನಾಲ್ಕೂ ಹಿಂದಕ್ಕೇ ವಾಲಬೇಕಂತೆ. ಎರಡು ಸಲ ಕಿತ್ತು ಹಾಕಿಸಿದಳು. ಮಾಡುತ್ತಾ ಮಾಡುತ್ತಾ ಪಾಠ ಒಪ್ಪಿಸಿದಳು: ರಷ್ಯಾದವರು ಹಾರಿಸಿದ್ದು ಬೀಪ್ ಬೀಪ್ ಎನ್ನುತ್ತಾ ಭೂಮಿ ಸುತ್ತಿತು. ಅಮೆರಿಕದವರು ಆ ಸದ್ದನ್ನು ರೇಡಿಯೋದಲ್ಲಿ ಕೇಳಿ ಬೆವರಿದರು. ಗಡಿಬಿಡಿಯಲ್ಲಿ ತಾವೂ ಒಂದನ್ನು ಹಾರಿಸಲು ಹೋದರು. ರಾಕೆಟ್ ನೆಲ ಬಿಟ್ಟು ಏಳುತ್ತಲೇ ಕುಸಿದು ಸುಟ್ಟುಹೋಯಿತು.

"ಅದರಲ್ಲಿ ಕ್ಯಾಮೆರಾ ಇತ್ತಾ?" ಬೇರೇನನ್ನು ಕೇಳಿಯೇನು ನಾನು?

"ಇಲ್ಲ ಡ್ಯಾಡಿ, ಜಸ್ಟ್ ಬೀಪ್. ಅದಕ್ಕೆ ಎಂತದೂ ಕಾಣ್ತಿರ್ಲಿಲ್ಲ."

"ಮತ್ತೆ ಎಂತಕ್ಕೆ ಹೆದರಿದ್ದು?"

"ಮೇಲೆ ಉಂಟಲ್ಲ, ಅದಕ್ಕೆ."

ಆಮೇಲೆ ಚಾರ್ಟಿನಲ್ಲಿ ಉಪಗ್ರಹ ಎಂಬುದನ್ನು ಮೂರು ಭಾಷೆಗಳಲ್ಲಿ ಬರೆದಳು. ಅರಬ್ಬಿಯದನ್ನು ಬೆರಳಿಟ್ಟು ಓದಿದಳು: "ಕಮರ್ ಸಿನಾಯಿ. ಕಮರ್ ಅಂದ್ರೆ ಮೂನ್. ಸಿನಾಯಿ ಅಂದ್ರೆ ಮನುಷ್ಯರು ಮಾಡಿದ್ದು."

ಮುದೀರ್ ಹೇಳಿದ್ದು ಮನುಷ್ಯನ ಹೆಸರಲ್ಲ, ಬ್ಯಾರಿಗಳು ಸ್ಪ್ಯಾನರ್ ಎತ್ತಿ ತೋರಿಸಿದ್ದು ಮೇಲಿನ ಕೋಣೆಯನ್ನಲ್ಲ, ಆಕಾಶದ ಚಂದ್ರನನ್ನು. ಪಿಕಪ್ಪಿನ ಡ್ಯಾಶ್‌ಬೋರ್ಡಿನ ಕೆಳಗೆ ಜಿಪಿಎಸ್ ಡಬ್ಬಿ ಇದ್ದದ್ದು ನನಗೆ ಗೊತ್ತಿತ್ತು. ಅದು ಕೆಟ್ಟು ವರ್ಷವಾಯಿತು ಎಂದು ಡ್ರೈವರುಗಳು ಹೇಳಿದ್ದನ್ನು, ಇಷ್ಟೆಲ್ಲ ಅನುಮಾನಿಸುವ ನಾನು, ಒಂದೇ ಮಾತಿಗೆ ನಂಬಿದ್ದೆ.

ಮರುದಿನವೇ ಪಿಕಪ್ ತಿರುಗಿಸಿ ಗ್ಯಾರೇಜಿಗೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಬ್ಯಾರಿಗಳು ಶುರು ಮಾಡಿದರು.

"ಎಲ್ಲಿಗೆ ಹೋದದ್ದು ಪೊರ್ಬುಗಳೇ ಇಷ್ಟು ದಿನ? ಮೊನ್ನೆ ಒಬ್ಬ ಬಂದು ಹೇಳ್ತಾನೆ, ನಾನು ಚಾಡಿಕೋರ ಅಂತ ನೀವು ಊರಿಡೀ ಹೇಳ್ತಿದ್ದೀರಂತೆ. ಬೈದು ಕಳಿಸಿದೆ. ಪೊರ್ಬುಗಳ ಬಾಯಲ್ಲಿ ಅಂಥ ಮಾತು ಬರ್ಲಿಕ್ಕಿಲ್ಲ ಅಂದೆ. ಹೌದಲ್ಲ?"

"ಛೆ, ನಾನು ಯಾಕೆ ಹಾಗೆ ಹೇಳ್ಲಿ" ಎಂದೆ.

ಅವರು ತಲೆಯಾಡಿಸಿ ಚಹಾ ಕೊಟ್ಟರು. ಕುಡಿದೆ. ಹೊರಡುವಾಗ ಗಾಡಿಯ ಬಾಗಿಲನ್ನು ಅವರೇ ಹಾಕಿ, "ಬೇಗ ಹೋಗಿ ಮಾರಾಯ್ರೆ, ಮೇಲಿದ್ದವ ನೋಡ್ತಾನೆ" ಎಂದರು. ಕಮರನನ್ನು ಹೇಳಿದರೋ, ದೇವರನ್ನೋ? ಈ ಸಲ ಅವರು ನಗುತ್ತಿರಲಿಲ್ಲ.

ಈಗ ವಾರಕ್ಕೊಮ್ಮೆ ನನ್ನ ಸ್ವಂತ ಕಾರಿನಲ್ಲೇ ಹೋಗುತ್ತೇನೆ. ಅವರು ಲೋಟ ಕೊಡುವಾಗ ಪ್ರತಿ ಸಲ ಅವರ ಮುಖ ನೋಡುತ್ತೇನೆ, ಗೊತ್ತಿದ್ದೇ ಕೊಡುತ್ತಿದ್ದಾರೋ ಏನೋ ಎಂದು.