ಕೌಂಟಿ ವರದಿಯಲ್ಲೊಂದು ಅರಳಿ ಮರ

ಅರಳಿ ಮರ ಸುತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿಕೊಂಡಳಂತೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅವಸರದವರನ್ನು ಹಂಗಿಸುವ ಮಾತು ಅದು. ಆದರೆ ಒಬ್ಬರು ಮರ ಸುತ್ತಿ ಇನ್ನೊಬ್ಬರ ಹೊಟ್ಟೆ ನೋಡುತ್ತಿದ್ದರೆ ಅದಕ್ಕೆ ಏನನ್ನಬೇಕೆಂದು ಗಾದೆ ಮಾಡಿದವರು ಯೋಚಿಸಿದಂತಿಲ್ಲ. ತೊಂಬತ್ತರ ದಶಕದ ನಡುವೆ, ವಾಷಿಂಗ್ಟನ್ನಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ವರ್ಜೀನಿಯಾದ ಊರೊಂದರಲ್ಲಿ ಹೀಗೆ ಸುತ್ತುತ್ತಿದ್ದವರು ನನ್ನ ಅತ್ತೆ. ಹೊಟ್ಟೆ ನನ್ನದು.

ನನ್ನ ಗಂಡ ಆಗ ಸಾಫ್ಟ್‌ವೇರ್ ಕಂಟ್ರ್ಯಾಕ್ಟಿನ ಮೇಲೆ ದುಡಿಯುತ್ತಿದ್ದರು. ನಾನು ಅವರ ವೀಸಾದ ಬಾಲ ಹಿಡಿದು ಬಂದವಳು, ಸಂಬಳಕ್ಕೆ ಕೆಲಸ ಮಾಡುವಂತಿರಲಿಲ್ಲ. ಆದರೆ ಬಿಟ್ಟಿ ದುಡಿಯುವವರ ವೀಸಾವನ್ನು ಅಮೆರಿಕದಲ್ಲಿ ಯಾರೂ ಕೇಳುವುದಿಲ್ಲ. ವಾಲಂಟಿಯರ್ ಎಂದು ಕರೆದು ಎದೆಗೊಂದು ಬಿಲ್ಲೆ ಬೇರೆ ಚುಚ್ಚುತ್ತಾರೆ. ಆ ಬಿಲ್ಲೆ ಚುಚ್ಚಿಕೊಂಡು ನಾನು ಕೌಂಟಿಯ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಇಲಾಖೆಗೆ ಬೆಳಗಿನ ಹೊತ್ತು ಹೋಗಿಬರುತ್ತಿದ್ದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಜನರಿಗೆ ಆಟದ ಬಯಲು, ಈಜುಕೊಳ, ನಡೆಯುವ ದಾರಿ, ವಯಸ್ಸಾದವರಿಗೆ ವ್ಯಾಯಾಮ, ಮಕ್ಕಳಿಗೆ ಬೇಸಗೆ ಶಿಬಿರ ಒದಗಿಸುವುದು ಇಲಾಖೆಯ ಕೆಲಸ. ಒದಗಿಸಿದ್ದೇವೆ ಎಂದು ವರ್ಷಕ್ಕೊಮ್ಮೆ ಹೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಈ ಎರಡನೆಯದಕ್ಕೆ ನಾನು ಬೇಕಾದೆ.

ಮದುವೆಗೆ ಮುಂಚೆ ನಾನು ನಮ್ಮೂರಿನ ಪುರಸಭೆಯಲ್ಲಿ ಗುಮಾಸ್ತೆಯಾಗಿದ್ದೆ, ವಾರ್ಷಿಕ ವರದಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಹನಿ ನೀರು ಕಾಣದ ಕಾರಂಜಿಯನ್ನು ‘ಸದರಿ ಸಾಲಿನಲ್ಲಿ ಕಾರಂಜಿಯ ಸುರಕ್ಷತೆ ಕಾಪಾಡಲಾಗಿದೆ’ ಎಂದು ಬರೆದ ಕೈ ಇದು. ಅಮೆರಿಕದಲ್ಲಿ ಎಲ್ಲವೂ ಬೇರೆ ಎಂದು ಹೆದರಿಕೊಂಡು ಬಂದಿದ್ದವಳಿಗೆ ಆ ಕಚೇರಿಯ ಕುರ್ಚಿಯಲ್ಲಿ ಕೂತ ಮೇಲೆಯೇ ತವರಿಗೆ ಬಂದ ಹಾಗಾದದ್ದು. ಪಂಪು ಕೆಟ್ಟು ಬೇಸಗೆಯ ಅರ್ಧ ಕಾಲ ಈಜುಕೊಳ ಮುಚ್ಚಿತ್ತು. ಅದು ‘ಈಜುಕೊಳದ ಸಮಗ್ರ ಆರೈಕೆ’ ಆಯಿತು. ಫುಟ್‌ಬಾಲ್ ಬಯಲಿಗೆ ಹೆಬ್ಬಾತುಗಳು ಬಂದು ಕಾಲಿಡಲಾರದಷ್ಟು ಹೊಲಸು ಮಾಡಿದ್ದವು. ಅದು ‘ವನ್ಯಪಕ್ಷಿ ವೀಕ್ಷಣೆಗೆ ಹೆಚ್ಚಿದ ಅವಕಾಶ’ ಆಯಿತು. ನನ್ನ ಮೇಲಿನ ಅಧಿಕಾರಿ ಕ್ಯಾರೊಲೈನಾ ಕಡೆಯ ದೊಡ್ಡ ದನಿಯ ಹೆಂಗಸು, ಎಲ್ಲರನ್ನೂ ಹನಿ, ಅಂದರೆ ಜೇನೇ, ಎಂದೇ ಕರೆಯುವವಳು. ಇಂಥ ಇಂಗ್ಲಿಷನ್ನು ಎಲ್ಲಿ ಕಲಿತೆ ಎಂದು ಬೆರಗಾಗಿ ಕೇಳಿದಳು. ಕನ್ನಡದಲ್ಲಿ ಎಂದೆ.

ಆ ವರ್ಷ ವಸಂತದ ಹೊತ್ತಿಗೆ ಅತ್ತೆ ಆರು ತಿಂಗಳ ವೀಸಾದ ಮೇಲೆ ಬಂದರು. ಸೊಸೆ ಎಲ್ಲಿಗೆ ಹೋಗುತ್ತಾಳೆ ಎಂದು ಮಗನನ್ನು ವಿಚಾರಿಸಿದಾಗ ರಿಕ್ರಿಯೇಷನ್ ಎಂಬ ಮಾತು ಅವರ ಕಿವಿಗೆ ಬಿತ್ತು. ಅವರ ಊರಿನಲ್ಲಿ ರಿಕ್ರಿಯೇಷನ್ ಕ್ಲಬ್ ಎಂದರೆ ಗಂಡಸರು ಮನೆ ಮರೆತು ಇಸ್ಪೀಟು ಆಡುವ ಜಾಗ. ಎರಡು ದಿನ ರಪರಪನೆ ಮೊಸರು ಕಡೆದರು. ಮೂರನೆಯ ದಿನ ತಡೆಯಲಾರದೆ, ಅಲ್ಲಿ ಹೆಂಗಸರೂ ಎಲೆ ಹಾಕುತ್ತಾರೆಯೇ ಎಂದು ನನ್ನನ್ನೇ ಕೇಳಿಬಿಟ್ಟರು. ಪಾರ್ಕು ನೋಡಿಕೊಳ್ಳುವ ಕೆಲಸ ಎಂದು ತೋರಿಸಲು ನಾನು ಅವರನ್ನು ಅಪಾರ್ಟ್‌ಮೆಂಟಿನ ಹಿಂದಿದ್ದ ಕೌಂಟಿ ಪಾರ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಅವರು ಮರವನ್ನು ಕಂಡರು.

ಅತ್ತೆ ಅಮೆರಿಕ ನೋಡಲು ಬಂದವರಲ್ಲ. ಹಿಂದಿನ ಎರಡು ವರ್ಷಗಳಲ್ಲಿ ನಾನು ಎರಡು ಬಾರಿ ಬಸುರಾಗಿ, ಎರಡು ಬಾರಿಯೂ ಮೂರು ತಿಂಗಳು ದಾಟದೆ ಕಳೆದುಕೊಂಡಿದ್ದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆಯೂ ಆಡಲಿಲ್ಲ. ಬದಲಿಗೆ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಸೀರೆಯ ಮೇಲೆ ಮಗನ ಜ್ಯಾಕೆಟ್ಟು, ಕಾಲಿಗೆ ನನ್ನ ವಾಕಿಂಗ್ ಷೂ ಹಾಕಿಕೊಂಡು, ತಂಬಿಗೆಯಲ್ಲಿ ನೀರು ಹಿಡಿದು ಹೊರಟರು. ತೊರೆಯ ಪಕ್ಕ ನಿಂತಿದ್ದ ಆ ದೊಡ್ಡ ಮರದ ಎಲೆಗಳು ಗಾಳಿ ಇಲ್ಲದಾಗಲೂ ಅಲುಗಾಡುತ್ತಿದ್ದವು, ದೂರದಿಂದ ನೋಡಿದರೆ ಅರಳಿಯೇ. ಅತ್ತೆ ಬುಡಕ್ಕೆ ನೀರೆರೆದು ಸುತ್ತತೊಡಗಿದರು. ಲೆಕ್ಕ ತಪ್ಪದಿರಲೆಂದು ಸುತ್ತಿಗೊಂದು ಕಡಲೆಕಾಳು ಹಾಕುವರು, ಹಿಂದೆಯೇ ಅಳಿಲು ಬಂದು ಅದನ್ನು ತಿನ್ನುವುದು, ಅವರು ಮತ್ತೆ ಮೊದಲಿಂದ ಎಣಿಸುವರು. ಪ್ರಾಣಿಗಳಿಗೆ ತಿನ್ನಲು ಕೊಡಬಾರದು ಎಂಬ ನಮ್ಮ ಇಲಾಖೆಯ ಫಲಕ ಪಕ್ಕದಲ್ಲೇ ಇತ್ತು.

ನನಗೆ ಮೈ ಉರಿಯುತ್ತಿತ್ತು. ಸಂಕಟ ನನ್ನದು, ಅದನ್ನು ಹೀಗೆ ಬಯಲಿನಲ್ಲಿ, ನಾಯಿ ಹಿಡಿದುಕೊಂಡು ಓಡಾಡುವವರ ಎದುರಿಗೆ ಸುತ್ತಿಸಬೇಕೇ? ಗಂಡನ ಹತ್ತಿರ ಹೇಳಿದರೆ, ಅಮ್ಮಂಗೂ ಎಕ್ಸರ್‌ಸೈಜ್ ಆಗುತ್ತೆ ಬಿಡು ಎಂದರು. ಅವರು ಇಲಾಖೆಯಲ್ಲಿದ್ದಿದ್ದರೆ ನನಗಿಂತ ಚೆನ್ನಾಗಿ ವರದಿ ಬರೆಯುತ್ತಿದ್ದರು. ಬೇಸಗೆಯ ಹೊತ್ತಿಗೆ ಹುಲ್ಲು ಸವೆದು ಮರದ ಸುತ್ತ ಬಳೆಯಂಥ ಕಾಲುದಾರಿ ಬಿದ್ದಿತ್ತು. ಅತ್ತೆಯ ಕಣ್ಣು ಮಾತ್ರ, ನಾನು ಕಾಫಿ ಬೇಡವೆಂದರೆ ಸಾಕು, ನನ್ನ ಹೊಟ್ಟೆಯ ಕಡೆ ಹೋಗಿ ಬರುತ್ತಿತ್ತು.

ಒಂದು ಬೆಳಿಗ್ಗೆ ಅವರು ಮುಖ ಅರಳಿಸಿಕೊಂಡು ಮನೆಗೆ ಬಂದರು.

“ನೋಡ್ದ್ಯಾ, ಇವ್ರಿಗೂ ಗೊತ್ತಾಗಿದೆ ಕಣೇ. ಮರಕ್ಕೆ ಸಿಂಧೂರ ಇಟ್ಟಿದಾರೆ. ನಾನೂ ಪಕ್ಕದಲ್ಲಿ ಒಂಚೂರು ಕುಂಕುಮ ಇಟ್ಟು ಬಂದೆ.”

ಹೋಗಿ ನೋಡಿದೆ. ಕಾಂಡದ ಮೇಲೆ ಎದೆಯ ಎತ್ತರಕ್ಕೆ ಅಂಗೈಯಗಲದ ಕಿತ್ತಳೆ ಬಣ್ಣದ ಬೊಟ್ಟು, ನಮ್ಮೂರ ಆಂಜನೇಯನಿಗೆ ಬಳಿದ ಹಾಗೆ. ಪಕ್ಕದಲ್ಲಿ ಅತ್ತೆಯ ಪುಟ್ಟ ಕೆಂಪು ಬೊಟ್ಟು. ಕಿತ್ತಳೆ ಬೊಟ್ಟಿಗೆ ಅರ್ಥವೇನೆಂದು ನಾನು ಇಲಾಖೆಯಲ್ಲಿ ಕಲಿತಿದ್ದೆ. ಅದು ಕಡಿಯುವ ಮರದ ಗುರುತು. ಮರ ಇದ್ದ ಜಾಗದಲ್ಲಿ ಕಾರು ನಿಲ್ಲಿಸಲು ಅಂಗಳ ಮಾಡುವವರಿದ್ದರು.

ದೇವರು, ಮರ, ಹರಕೆ ಯಾವುದನ್ನೂ ನಂಬದ ನಾನು ಆ ಬೊಟ್ಟಿನ ಮುಂದೆ ನಿಂತು ಬೇಡ ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಈ ಮರ ಉಳಿದರೆ ಮುಂದೆ ಆಗುವ ನನ್ನ ಮಗುವೂ ಉಳಿಯುತ್ತದೆ ಎಂಬ ಯೋಚನೆ ಯಾವಾಗ ನನ್ನೊಳಗೆ ಬಂದು ಕೂತಿತ್ತೋ ಅದೂ ಗೊತ್ತಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅತ್ತೆ ಹೊರಟ ಬಾಗಿಲಿನ ಸದ್ದಿಗೆ ಗೊಣಗುತ್ತಲೇ ನಾನು ಅದಕ್ಕೆ ಕಾಯುತ್ತಲೂ ಇದ್ದೆನೆಂದು ಕಾಣುತ್ತದೆ. ಮಗು ಬೇಕು ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆ ನನ್ನ ಪರವಾಗಿ ಹೇಳುತ್ತಿದ್ದರು, ಕಾಲಿನಲ್ಲಿ.

ಅವರಿಗೆ ಬೊಟ್ಟಿನ ಅರ್ಥ ಹೇಳಲಿಲ್ಲ. ಕಚೇರಿಗೆ ಹೋಗಿ ಪುರಸಭೆಯ ವಿದ್ಯೆಯನ್ನೆಲ್ಲ ಬಳಸಿದೆ. ವರದಿಯಲ್ಲಿ ಸಾಧನೆ ಎಂದು ಅಚ್ಚಾದದ್ದನ್ನು ಬ್ರಹ್ಮನೂ ಮುಟ್ಟಲಾರ ಎಂಬುದು ನಮ್ಮ ಹೆಡ್‌ಕ್ಲರ್ಕರ ಮಾತಾಗಿತ್ತು. ಆದ್ದರಿಂದ ಹಿರಿಯ ನಾಗರಿಕರ ಸೇವೆಗಳ ಅಧ್ಯಾಯದಲ್ಲಿ, ಪಾರ್ಕಿನ ಪಾರಂಪರಿಕ ವೃಕ್ಷದ ಸುತ್ತ ಈ ವರ್ಷ ವರ್ತುಲಾಕಾರದ ನಡಿಗೆಯ ಪಥವೊಂದು ಬಳಕೆಗೆ ಬಂದಿದೆ, ವಯಸ್ಸಾದವರು ಪ್ರತಿದಿನ ತಪ್ಪದೆ ಇದರ ಪ್ರಯೋಜನ ಪಡೆಯುತ್ತಿದ್ದಾರೆ, ಇಲಾಖೆಗೆ ಇದರಿಂದ ಯಾವ ಖರ್ಚೂ ಬಿದ್ದಿಲ್ಲ ಎಂದು ಟೈಪ್ ಮಾಡಿದೆ. ಒಬ್ಬರನ್ನು ಬಹುವಚನದಲ್ಲಿ ಹೇಳಿದ್ದು ಬಿಟ್ಟರೆ ಸುಳ್ಳಿರಲಿಲ್ಲ. ಅತ್ತೆಯನ್ನು ನಾನು ಹೇಗೂ ಬಹುವಚನದಲ್ಲೇ ಕರೆಯುತ್ತಿದ್ದೆ.

ಅಧಿಕಾರಿ ಓದಿ ಕುರ್ಚಿಯಿಂದೆದ್ದು ನನ್ನನ್ನು ತಬ್ಬಿಕೊಂಡಳು. ಹಿರಿಯರಿಗಾಗಿ ಏನೂ ಮಾಡಿಲ್ಲವಲ್ಲ ಎಂದು ಮೇಲಿನವರು ಅವಳ ಪ್ರಾಣ ತಿನ್ನುತ್ತಿದ್ದರಂತೆ. ವರದಿ ಅಚ್ಚಾಯಿತು, ಕೌಂಟಿಯ ಸಭೆಯಲ್ಲಿ ಯಾರೋ ಅದನ್ನು ಓದಿ ಹೊಗಳಿದರು, ಕಾರು ನಿಲ್ಲಿಸುವ ಅಂಗಳವನ್ನು ಆಚೆ ಬದಿಗೆ ಸರಿಸಿದರು. ನಾನು ಮನೆಗೆ ಬಂದು ಹೋಳಿಗೆ ಮಾಡಿದೆ. ಏನು ವಿಶೇಷ ಎಂದು ಕೇಳುವಾಗ ಅತ್ತೆಯ ಕಣ್ಣು ಮತ್ತೆ ನನ್ನ ಹೊಟ್ಟೆಯ ಕಡೆಗೇ ಹೋಯಿತು. ಏನಿಲ್ಲ, ಸುಮ್ಮನೆ ಎಂದೆ. ಅವರು ತುಪ್ಪ ಬಡಿಸಿಕೊಳ್ಳುವುದನ್ನು ಮರೆತು ಬರೀ ಹೋಳಿಗೆ ತಿಂದರು.

ಸಾಧನೆ ಎಂದ ಮೇಲೆ ಅದನ್ನು ಅಭಿವೃದ್ಧಿ ಮಾಡಬೇಡವೇ? ನಮ್ಮ ಪುರಸಭೆಗೆ ಅಭಿವೃದ್ಧಿ ಮಾಡುವ ಶಕ್ತಿ ಇರಲಿಲ್ಲ, ಅದರಿಂದಲೇ ನಮ್ಮ ಸಾಧನೆಗಳು ಉಳಿಯುತ್ತಿದ್ದವು. ಅಮೆರಿಕದಲ್ಲಿ ಶಕ್ತಿ ಇದೆ ಎಂಬುದು ನನ್ನ ಲೆಕ್ಕದಲ್ಲಿ ಸೇರಿರಲಿಲ್ಲ. ಹಿರಿಯರು ಮಣ್ಣಿನಲ್ಲಿ ನಡೆಯುವುದು ಸರಿಯಲ್ಲ, ಗಾಲಿಕುರ್ಚಿಯವರಿಗೂ ಆಗುವಂತೆ ಪಥಕ್ಕೆ ಡಾಂಬರು ಹಾಕಬೇಕೆಂದು ತೀರ್ಮಾನವಾಯಿತು. ಮರದ ತಜ್ಞನೊಬ್ಬ ಬಂದು ಸುತ್ತ ನೋಡಿದ. ಬೇರುಗಳು ಡಾಂಬರನ್ನು ಎಬ್ಬಿಸುತ್ತವೆ, ಟೊಂಗೆ ಹಳೆಯದು, ನಡೆಯುವವರ ತಲೆಯ ಮೇಲೆ ಬೀಳಬಹುದು ಎಂದು ಬರೆದುಕೊಟ್ಟ. ನಡೆಯುವವರ ಸುರಕ್ಷತೆಗಾಗಿ ಮರವನ್ನು ತೆಗೆಯುವುದೆಂದು ನಿಶ್ಚಯವಾಯಿತು. ಆ ಪ್ರಕಟಣೆಯನ್ನು ಟೈಪ್ ಮಾಡಲು ನನ್ನ ಕೈಗೇ ಕೊಟ್ಟರು. ಇದು ಬೇಡ ಎಂದು ನಾನು ಅಧಿಕಾರಿಗೆ ಹೇಳಿದೆ, ನಮ್ಮ ಅತ್ತೆಗೆ ಆ ಮರ ಬೇಕು ಎಂದೂ ಹೇಳಿದೆ. ಹನಿ, ಇದನ್ನೆಲ್ಲ ಅವರಿಗಾಗಿಯೇ ಮಾಡುತ್ತಿರುವುದು ಎಂದಳು. ನಿಜವಾಗಿಯೂ ಹಾಗೆಂದೇ ನಂಬಿದ್ದಳು.

ಅಂದು ಸಂಜೆ ಅತ್ತೆಗೆ ಹೇಳಲೇಬೇಕಾಯಿತು. ಅವರು ಸೊಪ್ಪು ಬಿಡಿಸುತ್ತ ಕೂತಿದ್ದರು. ಸಿಂಧೂರದ ಅರ್ಥವನ್ನೂ ಹೇಳಿದೆ, ಮರ ಹೋಗುವುದನ್ನೂ ಹೇಳಿದೆ. ಅವರ ಕೈ ನಿಂತದ್ದು ಕಂಡು, ಸಮಾಧಾನಕ್ಕೆಂದು, ಅದು ಅರಳಿ ಮರವೇ ಅಲ್ಲ, ಹತ್ತಿಯಂಥ ನಾರು ಹಾರಿಸುವ ಬೇರೆ ಯಾವುದೋ ಜಾತಿ ಎಂದೂ ಸೇರಿಸಿದೆ.

“ಗೊತ್ತು ಕಣೇ,” ಎಂದರು. “ಅರಳಿ ಎಲೆಗೆ ತುದೀಲಿ ಉದ್ದಕ್ಕೆ ಬಾಲ ಇರತ್ತೆ. ಇದಕ್ಕಿಲ್ಲ. ಮೊದಲ್ನೇ ದಿನಾನೇ ನೋಡಿದೀನಿ. ಏನ್ಮಾಡ್ಲಿ, ಈ ಊರಲ್ಲಿ ನಂಗೆ ಸಿಕ್ಕಿದ್ದು ಅದೇ.”

ಮರ ಕಡಿಯುವುದನ್ನು ನಾವಿಬ್ಬರೂ ನೋಡಲು ಹೋಗಲಿಲ್ಲ. ಬಾಲ್ಕನಿಯ ಬಾಗಿಲು ಮುಚ್ಚಿಕೊಂಡರೂ ಗರಗಸದ ಸದ್ದು ಮಧ್ಯಾಹ್ನದವರೆಗೂ ಕೇಳಿತು. ಬುಡವನ್ನೂ ಅರೆದು ತೆಗೆದು, ನಡುವೆ ಮರದ ಚಕ್ಕೆ ಹರಡಿ, ಸುತ್ತ ಕಪ್ಪು ಡಾಂಬರಿನ ಚೊಕ್ಕ ವರ್ತುಲ ಮಾಡಿದರು. ಒಂದು ಕಲ್ಲುಬೆಂಚು, ಹಿರಿಯರ ನಡಿಗೆ ಪಥ ಎಂಬ ಒಂದು ಫಲಕ. ನಡುವೆ ಏನೂ ಇಲ್ಲದ್ದನ್ನು ಯಾರು ಯಾಕೆ ಸುತ್ತುತ್ತಾರೆ ಎಂದು ಇಲಾಖೆಯಲ್ಲಿ ಯಾರೂ ಕೇಳಲಿಲ್ಲ. ಅತ್ತೆ ಬೆಳಿಗ್ಗೆ ಹೋಗುವುದನ್ನು ನಿಲ್ಲಿಸಿದರು. ಹರಕೆ ಅರ್ಧಕ್ಕೆ ನಿಂತಿತು. ಊರಿಗೆ ಹೊರಡುವ ದಿನವೂ ಹತ್ತಿರ ಬಂತು.

ಹೊರಡುವ ಹಿಂದಿನ ಬೆಳಿಗ್ಗೆ ಅವರು ಸ್ನಾನ ಮಾಡಿ ತಂಬಿಗೆ ಹಿಡಿದು ನನ್ನನ್ನೂ ಎಬ್ಬಿಸಿದರು. ಪಾರ್ಕಿನಲ್ಲಿ ಎಲೆ ಉದುರತೊಡಗಿತ್ತು, ಚಳಿ ಹಿಡಿದಿತ್ತು. ವರ್ತುಲದ ನಡುವೆ, ಚಕ್ಕೆಗಳ ಮೇಲೆ ನನ್ನನ್ನು ನಿಲ್ಲಿಸಿದರು. ನನ್ನ ಕಾಲ ಬಳಿ ಒಂದಿಷ್ಟು ನೀರು ಸುರಿದು, ಕೈ ಮುಗಿದು, ಸುತ್ತತೊಡಗಿದರು. ದೊಡ್ಡವರು ಚಿಕ್ಕವರಿಗೆ ಪ್ರದಕ್ಷಿಣೆ ಹಾಕಬಾರದು, ನನಗೆ ಪಾಪ ಬರುತ್ತೆ ಅತ್ತೆ, ಬೇಡ ಎಂದೆ. ಪಾಪ ಪುಣ್ಯ ನಂಬದವಳ ಬಾಯಲ್ಲಿ ಅದು ಹೇಗೆ ಬಂತೋ.

“ಸುಮ್ನೆ ನಿಂತ್ಕೋ. ಅಲುಗಾಡ್ಬೇಡ.”

ನಿಂತೆ. ಅವರು ನನ್ನ ಷೂ ಹಾಕಿಕೊಂಡು ನನ್ನ ಸುತ್ತ ನಡೆದರು, ಕಡಲೆಕಾಳು ಹಾಕುತ್ತ, ಅಳಿಲನ್ನು ಗದರಿಸುತ್ತ. ಮುಗಿದ ಮೇಲೆ ಏದುಸಿರು ಬಿಡುತ್ತ ಬಂದು ನನ್ನ ಹಣೆಗೆ ಕುಂಕುಮ ಇಟ್ಟರು.

“ಇಷ್ಟು ದಿನ ಮಗು ಕೊಡು ಅಂತ ಕೇಳ್ದೆ. ಇವತ್ತು ಅದನ್ನ ಕೇಳ್ಲಿಲ್ಲ. ಇವಳನ್ನ ಚೆನ್ನಾಗಿಡು ಅಂದೆ, ಅಷ್ಟೇ.”

ನನಗೆ ಅಳು ಬಂತು. ಎರಡು ಬಾರಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗಲೂ ಅಳದೆ ಉಳಿದದ್ದನ್ನೆಲ್ಲ ಸೇರಿಸಿ ಅತ್ತುಬಿಟ್ಟೆ. ಅವರು ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು.

ಮಗು ಆಗಲಿಲ್ಲ. ಆಮೇಲೂ ಆಗಲಿಲ್ಲ. ಹೊಸ ಪಥದ ಚಿತ್ರ ತೆಗೆಯಲು ನಮ್ಮ ಅಧಿಕಾರಿ, ಅತ್ತೆ ನನ್ನನ್ನು ಸುತ್ತಿದ ಆ ಬೆಳಿಗ್ಗೆ ಕ್ಯಾಮೆರಾ ಹಿಡಿದು ಅಲ್ಲಿಗೆ ಬಂದಿದ್ದಳೆಂದು ನನಗೆ ತಿಳಿದದ್ದು ಮರುವರ್ಷದ ವರದಿ ಸಿದ್ಧಮಾಡುವಾಗ. ಆ ಪಥದಲ್ಲಿ ಜನ ನಡೆಯುತ್ತಿದ್ದ ಚಿತ್ರ ಇಲಾಖೆಯ ಹತ್ತಿರ ಇದ್ದದ್ದು ಅದೊಂದೇ. ಸೀರೆ, ಜ್ಯಾಕೆಟ್ಟು, ಷೂ ಹಾಕಿಕೊಂಡ ಹೆಂಗಸು ಸುತ್ತುತ್ತಿದ್ದಾರೆ, ನಡುವೆ ನಾನು ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದೇನೆ. ಅಧಿಕಾರಿ ಚಿತ್ರವನ್ನು ಮೇಜಿನ ಮೇಲಿಟ್ಟು, ಅವರು ನಿನ್ನ ಅತ್ತೆ, ಅದು ಗೊತ್ತಾಯಿತು, ನಡುವೆ ನಿಂತ ನಿನ್ನನ್ನು ಚಿತ್ರದ ಕೆಳಗೆ ಏನೆಂದು ಬರೆಯಲಿ ಎಂದು ಕೇಳಿದಳು.

ಮರ ಎಂದು ಬರಿ ಎಂದೆ.

ಅವಳು ಜೋರಾಗಿ ನಕ್ಕು, ಇನ್‌ಸ್ಟ್ರಕ್ಟರ್ ಎಂದು ಟೈಪ್ ಮಾಡಲು ಹೇಳಿದಳು. ಮಾಡಿದೆ.