ಪ್ರಸಾದವಿಲ್ಲದ ಲಕೋಟೆ

ಕೋಟದ ಗೋಮತಿಯಮ್ಮನವರ ಭಕ್ತಿಯನ್ನು ಬಲ್ಲವರು ಅನೇಕರು. ಆ ಭಕ್ತಿ ಒಮ್ಮೆ ಅವರನ್ನು ಎಂಥ ಇಕ್ಕಟ್ಟಿಗೆ ಸಿಲುಕಿಸಿತೆಂಬುದನ್ನು ಬಲ್ಲವರು ಕೆಲವರೇ. ಅವರ ಪತಿ ಸುಬ್ಬರಾಯರು ಕರಾಚಿಯ ಹೋಟೆಲೊಂದರಲ್ಲಿ ಅಡುಗೆಯವರು. ಇಲ್ಲಿಂದ ತಿಂಗಳಿಗೊಂದು ಕಾಗದ. ಅದರೊಳಗೆ ಸಾಲಿಗ್ರಾಮದ ನರಸಿಂಹ ದೇವರ ಕುಂಕುಮಪ್ರಸಾದದ ಪುಟ್ಟ ಪೊಟ್ಟಣ. ಹನ್ನೊಂದು ವರ್ಷಗಳಲ್ಲಿ ಪೊಟ್ಟಣವಿಲ್ಲದೆ ಹೋದ ಕಾಗದ ಒಂದೇ: ಮಾವನವರು ತೀರಿಕೊಂಡಾಗ, ಸೂತಕದ ದಿನಗಳಲ್ಲಿ ಬರೆದದ್ದು.

ದೇಶ ಎರಡಾಯಿತು. ೧೯೪೮ರ ಮಳೆಗಾಲದಲ್ಲಿ, ಆ ಕಡೆಯಿಂದ ಬರುವವರಿಗೆ ಪರವಾನಗಿ ಬೇಕೆಂಬ ಕಟ್ಟಳೆಯೂ ಬಂದಿತು. ತಾನು ಕೋಟದವನೆಂದು ಪಟೇಲರು ಬರೆದುಕೊಟ್ಟ ಪತ್ರವಿಲ್ಲದೆ ಹಡಗು ಹತ್ತಿಸುವುದಿಲ್ಲವೆಂದು ಸುಬ್ಬರಾಯರು ತಿಳಿಸಿದರು. ಇತ್ತ ಅವರ ತಾಯಿ ವೇದಾವತಿಯಮ್ಮ ಜ್ವರದಿಂದ ಹಾಸಿಗೆ ಹಿಡಿದು, ಮಗನ ಹೆಸರನ್ನೇ ಕನವರಿಸುತ್ತಿದ್ದರು.

ಗೋಮತಿಯಮ್ಮ ಪಟೇಲರ ಪತ್ರವನ್ನು ಪ್ರಸಾದದೊಡನೆ ಕಳುಹಿಸಿದರು. ಲಕೋಟೆ ಅಂಚೆಯ ತಪಾಸಣೆಯಿಂದ ಹಿಂದಿರುಗಿತು, ಅಂಚು ಸೀಳಿ, ಒಳಗೆಲ್ಲ ಕೆಂಪು ಪುಡಿ ಚೆಲ್ಲಿ, ‘ಸಂಶಯಾಸ್ಪದ ವಸ್ತು’ ಎಂಬ ಷರಾ ಹೊತ್ತು. ಎರಡನೆಯದಕ್ಕೂ ಅದೇ ಗತಿ.

ಹರಿಕಥೆ ಮುಗಿಸಿ ಆ ದಾರಿಯಲ್ಲಿ ಬಂದ ನಾನು, “ಈ ಸಲ ಪ್ರಸಾದ ಬ್ಯಾಡ, ಗೋಮತಮ್ಮ” ಎಂದೆ.

“ಎಂತ ಹೇಳ್ತ್ರಿ ದಾಸ್ರೆ? ಪ್ರಸಾದ ಇಲ್ದಿದ್ರೆ ಮನೇಲ್ ಸೂತ್ಕ ಅಂದೇಳಿ ತಿಳ್ಕಂತ್ರಲೆ! ಅತ್ತೆ ಹೋದ್ರ್ ಅಂದೇಳಿ ಎದಿ ಒಡ್ಕಂತ್ರ್.”

“ಅತ್ತೆ ಜೀವದಗ್ ಇದ್ರ್ ಅಂದೇಳಿ ಬರ್ದ್ರ್ ಆಯ್ತಲೆ?”

“ಮನೆಯವ್ರ್ ಸುದ್ದಿ ಮುಚ್ಚಿಡ್ತ್ರ್ ಅಂಬ್ರ್. ಅವ್ರ್ ಸ್ವಭಾವ ನಂಗ್ ಗೊತ್ತಿಲ್ಯಾ?”

ಕಂಬದೊಳಗಿದ್ದ ಸ್ವಾಮಿ ಬರಿಯ ಕಾಗದದೊಳಗೆ ಇರಲಾರನೇ ಎಂದೆ. ಗೋಮತಿಯಮ್ಮ ದೀಪಕ್ಕೆ ಕೈಮುಗಿದರು. ಬಳಿಕ ಪೊಟ್ಟಣವನ್ನು ಅತ್ತೆಯ ದಿಂಬಿನಡಿ ಇರಿಸಿ, ಲಕೋಟೆ ಅಂಟಿಸಿದರು.

ನಲವತ್ತೇಳು ದಿನ ಉತ್ತರವಿಲ್ಲ. ಹೆದ್ದಾರಿಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಗೋಮತಿಯಮ್ಮ ಕೈಕೆಲಸ ಬಿಟ್ಟು ನಿಲ್ಲುವರು. ವೇದಾವತಿಯಮ್ಮನವರಿಗೆ ಗಂಜಿಯೂ ಇಳಿಯದಾಯಿತು.

ನಲವತ್ತೆಂಟನೆಯ ಮಧ್ಯಾಹ್ನ ಸುಬ್ಬರಾಯರು ಟ್ರಂಕು ಹೊತ್ತು ಬಂದರು. ಆದರೆ ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು. ದಾರಿಯುದ್ದಕ್ಕೂ ಅನ್ನ ಮುಟ್ಟದೆ ಕಣ್ಣುಗಳು ಗುಳಿಬಿದ್ದಿದ್ದವು.

“ಅಮ್ಮ ಹೋದ್ದ್ ಯಾವತ್ತ್?” ಎಂದರು.

ಗೋಮತಿಯಮ್ಮ ಉತ್ತರಿಸುವ ಮೊದಲೇ ಒಳಗಿನಿಂದ ಕ್ಷೀಣವಾದ ಸ್ವರವೊಂದು ಕೇಳಿಸಿತು:

“ನಾನ್ ಎಲ್ಲಿಗೂ ಹೋಯಿಲ್ಲೆ ಮಾರಾಯ! ಅಂಗ್ಳದಗ್ ನಿಂತ್ಕಂಡ್ ಎಂತ ಮಾಡ್ತೆ? ಕಾಲ್ ತೊಳ್ದ್ ಒಳ್ಗ್ ಬಾ.”

ಸುಬ್ಬರಾಯರು ಕಾಲು ತೊಳೆಯುವುದನ್ನೂ ಮರೆತು ಒಳಗೆ ಓಡಿದರು. ತಾಯಿ ದಿಂಬಿನಡಿ ತಡಕಿ, ಪೊಟ್ಟಣ ಬಿಚ್ಚಿ, ಕರಾಚಿಗೆ ಹೋಗದೆ ಉಳಿದಿದ್ದ ಆ ಪ್ರಸಾದವನ್ನು ಮಗನ ಹಣೆಗೆ ಹಚ್ಚಿದರು.