ನಲವತ್ತೊಂಬತ್ತಕ್ಕೆ ಬಂದೂಕು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಿಂದಲೋ ತಿಳಿದು ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ನಾನು ದಿನಕ್ಕೊಂದು ಗಂಟೆ ಮೊಬೈಲಿನಲ್ಲಿ ಬಂದೂಕು ಹಿಡಿದು ಜನರನ್ನು ಹೊಡೆಯುತ್ತೇನೆ. ನನಗೆ ನಲವತ್ತೊಂಬತ್ತು ವರ್ಷ. ಮನೆ ಪಾಂಡವಪುರದಲ್ಲಿ, ಹದಿನೈದು ವರ್ಷದಿಂದ ದಿನಾ ಬಸ್ಸು ಹತ್ತಿ ಹೋಗಿ ನಾಗಮಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕನ್ನಡಕವಿದೆ, ಬಿ.ಎಸ್ಸಿ. ಓದುವ ಮಗಳಿದ್ದಾಳೆ. ಇದರಲ್ಲಿ ಯಾವುದೂ ಬಂದೂಕಿಗೆ ಅಡ್ಡಿ ಬಂದಿಲ್ಲ.

ವಿಷಯ ಹೊರಗೆ ಬಿದ್ದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: "ಈ ವಯಸ್ಸಿನಲ್ಲಾ?" ಬಂದೂಕಿನ ಬಗ್ಗೆ ಯಾರಿಗೂ ತಕರಾರಿಲ್ಲ, ತಕರಾರೆಲ್ಲ ವಯಸ್ಸಿನದು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಸಮಾಜ ವಿಜ್ಞಾನದ ಜಯಮ್ಮ ಮೇಡಂ ಬಹಳ ಕಳಕಳಿಯಿಂದ, "ಆಡ್ಲೇಬೇಕು ಅಂದ್ರೆ ಆ ಅಂಕಿ ತುಂಬೋ ಸುಡೋಕು ಆಡ್ಬಾರ್ದಾ? ಮರೆವು ಬರಲ್ವಂತೆ" ಎಂದರು. ದಿನವೆಲ್ಲ ಅಂಕಿಗಳ ಜೊತೆ ಏಗಿ ಬಂದವಳಿಗೆ ಸಂಜೆಯೂ ಅಂಕಿ ತುಂಬು ಎನ್ನುವುದು, ಬಸ್ಸಿನ ಡ್ರೈವರನಿಗೆ ರಜೆಯ ದಿನ ಬಸ್ಸಿನಲ್ಲಿ ಸುತ್ತಾಡಿಕೊಂಡು ಬಾ ಎಂದ ಹಾಗೆ. ಮರೆವಿನ ವಿಷಯಕ್ಕೆ ಬಂದರೆ, ಮರೆಯಬೇಕಾದದ್ದೂ ನನ್ನಲ್ಲಿ ಸಾಕಷ್ಟಿದೆ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದೆ.

ವಯಸ್ಸಾದಂತೆ ಆಟ ಮೆತ್ತಗಾಗಬೇಕು ಎಂಬುದು ಲೋಕದ ನಂಬಿಕೆ. ಚಿಕ್ಕವರಾಗಿದ್ದಾಗ ಹೊಡಿ, ಬಡಿ, ಓಡು. ದೊಡ್ಡವರಾದ ಮೇಲೆ ಜೋಡಿಸು, ಕಾಯು, ಬೆಳೆಸು. ಹಲ್ಲು ಹೋದ ಮೇಲೆ ಚಕ್ಕುಲಿ ಬಿಟ್ಟು ಮುದ್ದೆಗೆ ಬರುವ ಹಾಗೆ. ಆದರೆ ನಮ್ಮ ಮಂಡ್ಯದ ಕಡೆ ಹಲ್ಲು ಗಟ್ಟಿಯಿರುವವರೂ ಮುದ್ದೆಯನ್ನು ನುಂಗಿಯೇ ಉಣ್ಣುವುದರಿಂದ ಈ ಹೋಲಿಕೆ ಪೂರ್ತಿ ಸರಿಯಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಲೋಕದ ನಂಬಿಕೆಗೆ ಸಾಕ್ಷಿ ಬೇಕಾದರೆ ನಮ್ಮ ಯಜಮಾನರೇ ಇದ್ದಾರೆ. ಕಾಲೇಜಿನ ದಿನಗಳಲ್ಲಿ ಮೈಸೂರಿಗೆ ಹೋದಾಗಲೆಲ್ಲ ವಿಡಿಯೋ ಗೇಮಿನ ಅಂಗಡಿಗೆ ನುಗ್ಗಿ, ಸ್ಟೇರಿಂಗ್ ಹಿಡಿದು ಕಾರು ಓಡಿಸುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ಆ ಕಾರಿನ ವೇಗವನ್ನು ನನಗೆ ಎಷ್ಟು ಸಲ ವರ್ಣಿಸಿದ್ದಾರೆಂದರೆ, ಅದು ನಿಜವಾದ ಕಾರೇ ಇರಬೇಕೆಂದು ನಮ್ಮಪ್ಪ ತಿಳಿದಿದ್ದರು. ಈಗ ಅದೇ ಮನುಷ್ಯ ದಿನವಿಡೀ ಅಂಗಡಿಯಲ್ಲಿ ಬೀಜ, ಗೊಬ್ಬರ ಮಾರಿ ಬಂದು, ಸೋಫಾದಲ್ಲಿ ಕಾಲು ಮಡಚಿ ಕೂತು, ಮೊಬೈಲಿನಲ್ಲಿ ಟೊಮೆಟೊ ಬೆಳೆಯುತ್ತಾರೆ. ಹಿತ್ತಲಲ್ಲಿ ಜಾಗ ಖಾಲಿ ಬಿದ್ದಿದೆಯಲ್ಲ, ಅಲ್ಲೇ ನಾಲ್ಕು ಗಿಡ ಹಾಕಬಾರದೇ ಎಂದು ಕೇಳಿದೆ. ಮೊಬೈಲಿನಿಂದ ತಲೆಯೆತ್ತದೆ, "ಇದ್ರಲ್ಲಿ ರೇಟು ಬೀಳಲ್ಲ ಕಣೆ" ಎಂದರು.

ನನ್ನ ಕತೆ ಮಾತ್ರ ಉಲ್ಟಾ ನಡೆದಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ರಜೆಗೆ ಕೆ.ಆರ್. ಪೇಟೆಯ ಸೋದರಮಾವನ ಮನೆಗೆ ಹೋಗುತ್ತಿದ್ದೆ. ಮಾವನ ಮಕ್ಕಳಿಬ್ಬರ ಹತ್ತಿರ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮಿತ್ತು. ಕ್ಯಾಸೆಟ್ಟಿನಲ್ಲಿ ಧೂಳು ಕೂತರೆ ಊದುವ ಕೆಲಸ ನನ್ನದು. ಊದಿ ಊದಿ ಕೆನ್ನೆ ನೋಯುವ ಹೊತ್ತಿಗೆ ನನ್ನ ಸರದಿ ಬರುತ್ತಿತ್ತು. ಆಗ ಅವರು ಯುದ್ಧದ ಕ್ಯಾಸೆಟ್ಟು ತೆಗೆದು, ಹೆಣ್ಣುಮಕ್ಕಳಿಗೆ ಇದು ಸರಿ ಎಂದು ಚುಕ್ಕಿ ತಿನ್ನುವ ಆಟ ಹಾಕಿಕೊಡುತ್ತಿದ್ದರು. ಅನ್ಯಾಯವಾಯಿತು ಎಂದು ಇಲ್ಲಿ ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನಗೆ ಆ ಆಟವೇ ಇಷ್ಟವಾಗಿತ್ತು. ಯಾಕೆಂದರೆ ನನಗೆ ಸಾಯುವುದೆಂದರೆ ಪ್ರಾಣಭಯ. ಮೂರು ಜೀವ ಕೊಡುತ್ತಿದ್ದರು; ಎರಡು ಹೋಗುತ್ತಿದ್ದಂತೆಯೇ ನಾನು "ಸಾಕು, ನೀವಾಡಿ" ಎಂದು ರಿಮೋಟು ಕೊಟ್ಟುಬಿಡುತ್ತಿದ್ದೆ. ಅತ್ತೆ, "ನೋಡ್ರಲಾ, ಎಂಥ ಒಳ್ಳೆ ಮಗ, ಕೇಳೋಕೆ ಮುಂಚೆ ಕೊಟ್ಬುಡ್ತದೆ" ಎಂದು ನನ್ನ ತಲೆ ಸವರುತ್ತಿದ್ದರು. ಒಳ್ಳೆಯತನವಲ್ಲ ಅದು, ಪುಕ್ಕಲುತನ. ಮಕ್ಕಳಿಗೆ ಸೋಲು ತಡೆದುಕೊಳ್ಳಲು ಆಗುವುದಿಲ್ಲ.

ಮದುವೆಯಾಗಿ, ಮಗಳು ಹುಟ್ಟಿ, ಕೈಗೆ ಮೊಬೈಲು ಬಂದ ಮೇಲೆ ಒಂದೇ ಬಣ್ಣದ ಮಿಠಾಯಿಗಳನ್ನು ಸಾಲಾಗಿ ಸೇರಿಸುವ ಆಟ ಹಿಡಿಯಿತು. ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಒಂದಾಟ ಮುಗಿಯುತ್ತಿತ್ತು. ಮನೆಯಲ್ಲಿ ಯಾವುದೂ ಸಾಲಾಗಿ ನಿಲ್ಲದ ಕಾಲ ಅದು. ಮೊಬೈಲಿನೊಳಗಾದರೂ ಕೆಂಪು ಕೆಂಪಿನ ಪಕ್ಕ, ಹಳದಿ ಹಳದಿಯ ಪಕ್ಕ ಬಂದು ನಿಲ್ಲುತ್ತಿದ್ದವು. ನಾವು ಆಟ ಆರಿಸುತ್ತೇವೆ ಎಂದುಕೊಳ್ಳುತ್ತೇವೆ. ಆಟವನ್ನು ಆರಿಸುವುದು ಆಯಾ ವಯಸ್ಸಿನಲ್ಲಿ ನಮಗೆ ಸಿಗದೆ ಹೋದದ್ದು.

ಬಂದೂಕು ಕೈಗೆ ಬಂದದ್ದು ಎರಡು ವರ್ಷದ ಕೆಳಗೆ, ನಾಗಮಂಗಲದ ಬಸ್ಸಿನಲ್ಲಿ. ಮಿಠಾಯಿಯ ನಡುವೆ ಒಂದು ಜಾಹೀರಾತು ಬಂತು. ಅದನ್ನು ಮುಚ್ಚಲು ಮೂಲೆಯಲ್ಲೊಂದು ಪುಟ್ಟ ಗುಣಾಕಾರದ ಚಿಹ್ನೆ ಇರುತ್ತದಲ್ಲ, ಗಣಿತದ ಟೀಚರಾದ ನನಗೇ ಅದು ಬೆರಳಿಗೆ ಸಿಗಲಿಲ್ಲ. ಬಸ್ಸು ಗುಂಡಿಗಿಳಿದ ಹೊಡೆತಕ್ಕೆ ಬೆರಳು ಎಲ್ಲೋ ಒತ್ತಿ, ಬಂದೂಕಿನ ಆಟ ಬಂದು ಕೂತಿತು. ನೂರು ಜನ ಒಂದು ದ್ವೀಪಕ್ಕೆ ಹಾರಿ ಇಳಿಯುತ್ತಾರೆ, ಒಬ್ಬರನ್ನೊಬ್ಬರು ಹೊಡೆಯುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ನಾನು ಇಳಿದ ಅರ್ಧ ನಿಮಿಷಕ್ಕೆ ಸತ್ತೆ. ಹೊಡೆದವರು ಯಾರು ಎಂದೂ ಕಾಣಲಿಲ್ಲ. ಆಶ್ಚರ್ಯವೆಂದರೆ ನನಗೆ ಬಹಳ ಖುಷಿಯಾಯಿತು. ಎಷ್ಟೋ ವರ್ಷದಿಂದ ನನ್ನನ್ನು ಯಾರೂ ಎದುರಾಳಿ ಎಂದು ಎಣಿಸಿರಲಿಲ್ಲ. ಮೇಡಂ ಎಂದು ಎದ್ದು ನಿಲ್ಲುತ್ತಿದ್ದರು, ದಾರಿ ಬಿಡುತ್ತಿದ್ದರು, ನಾನು ಹೇಳಿದ್ದಕ್ಕೆಲ್ಲ ಹೂಂ ಎಂದು ತಮಗೆ ಬೇಕಾದ್ದನ್ನು ಮಾಡುತ್ತಿದ್ದರು. ಇಲ್ಲೊಬ್ಬ ನನ್ನನ್ನು ನೋಡಿದ, ಇವಳು ಅಪಾಯ ಎಂದುಕೊಂಡ, ಹೊಡೆದ.

ಆಮೇಲೆ ಆಟದಲ್ಲೇ ಮೂವರು ಸಿಕ್ಕರು. ಶ್ರೀರಂಗಪಟ್ಟಣದ ಪಂಕ್ಚರ್ ಅಂಗಡಿಯ ನಯಾಜ್, ಬಿಂಡಿಗನವಿಲೆಯಲ್ಲಿ ಕುರಿ ಸಾಕುವ ಮಂಜ, ಕೆ.ಆರ್. ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಲೋಕಿ. ಮೂವರೂ ಇಪ್ಪತ್ತೈದು ಮೂವತ್ತರವರು. ಮೈಕಿನಲ್ಲಿ ನನ್ನ ಮಾತು ಕೇಳಿದ ಮಂಜ, "ಲೇ, ನಮ್ ಕಡೆ ಅಕ್ಕ ಕಣ್ಲಾ" ಎಂದು ಕೂಗಿ ತಂಡಕ್ಕೆ ಸೇರಿಸಿಕೊಂಡ. ನಾನೇನು ಕೆಲಸ ಮಾಡುತ್ತೇನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ; ಒಬ್ಬರ ಮುಖ ಒಬ್ಬರು ನೋಡಿಯೂ ಇರಲಿಲ್ಲ. ನಯಾಜ್ ನನ್ನನ್ನು ಆಪಾ ಎಂದು ಕರೆಯುತ್ತಿದ್ದ. ಆಪಾ ಎಂದರೆ ಅಕ್ಕ. ಆದರೆ ಅದರ ಹಿಂದೆ ಬರುತ್ತಿದ್ದುದು ಅಕ್ಕಂದಿರಿಗೆ ಹೇಳುವ ಮಾತಾಗಿರಲಿಲ್ಲ. "ಅರೇ ಆಪಾ, ನಿದ್ದೆ ಹೊಡೀತಿದ್ದೀಯಾ? ಎಡಕ್ಕೆ ನೋಡು, ಎಡಕ್ಕೆ!" ಮೊದಲ ದಿನ ಎಡಕ್ಕೆ ನೋಡುವ ಬದಲು ಸುತ್ತಲೂ ನೋಡಿದೆ, ಇವನು ಬೈದದ್ದು ಯಾರಿಗೆ ಎಂದು.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸುತ್ತೇನೆ, ಸಹಿಸಿಕೊಳ್ಳಿ. ತೊಣ್ಣೂರಿನ ಹಳೆಯ ದೇವಸ್ಥಾನವೊಂದರ ಜಗಲಿಯ ಕಲ್ಲಿನ ಮೇಲೆ ಹುಲಿ ಕುರಿ ಆಟದ ಮನೆಗಳನ್ನು ಯಾರೋ ಕೊರೆದಿದ್ದಾರೆ. ಆಟ ಮಕ್ಕಳದು ಎನ್ನುವವರನ್ನು ಅಲ್ಲಿಗೆ ಕರೆದೊಯ್ದು ತೋರಿಸಬೇಕು. ಚಪ್ಪಡಿ ಕೊರೆಯುವ ಬಲ ಮಕ್ಕಳ ಕೈಗಿರುವುದಿಲ್ಲ. ಕೊರೆದವರು ಮೀಸೆ ಬಂದವರೇ, ಬಹುಶಃ ಮಾಡಬೇಕಾದ ಕೆಲಸ ಬಿಟ್ಟು ಬಂದವರು. ಇನ್ನು ನಮ್ಮೂರು. ಊರಿಗೆ ಹೆಸರು ಕೊಟ್ಟ ಆ ಐವರು ಅಣ್ಣತಮ್ಮಂದಿರು ರಾಜ್ಯ ಕಳೆದುಕೊಂಡದ್ದೇ ಆಟದಲ್ಲಿ, ಅದೂ ಹೆಂಡತಿ ಇದ್ದ ವಯಸ್ಸಿನಲ್ಲಿ. ಅವರ ಹೆಸರಿನ ಊರಿನಲ್ಲಿ ಕೂತು ಜನ ನನಗೆ ಬುದ್ಧಿ ಹೇಳುತ್ತಾರೆ. ನಾನು ಕಳೆದುಕೊಂಡದ್ದು ಮೊಬೈಲಿನ ಚಾರ್ಜು ಮಾತ್ರ.

ಕಳೆದ ಬೇಸಿಗೆಯಲ್ಲಿ ಮಂಜ ಒಂದು ಸುದ್ದಿ ತಂದ. ಬಿಂಡಿಗನವಿಲೆಯ ಹುಡುಗರ ಸಂಘದವರು ಭಾನುವಾರ ಸಮುದಾಯ ಭವನದಲ್ಲಿ ನಮ್ಮ ಆಟದ್ದೇ ಟೂರ್ನಮೆಂಟು ಇಟ್ಟಿದ್ದರು. ಹನ್ನೆರಡು ತಂಡ, ಮೂರು ಸುತ್ತು, ಮೂರೂ ಸುತ್ತಿನ ಅಂಕ ಸೇರಿಸಿ ಬಹುಮಾನ. ಮೊದಲನೆಯದು ಟಗರು, ಎರಡನೆಯದು ಎರಡು ನಾಟಿ ಕೋಳಿ. ಎಲ್ಲರೂ ಅಲ್ಲಿಗೇ ಬಂದು ಆಡಬೇಕು. ಯಜಮಾನರಿಗೆ ಹೇಳಿದಾಗ ಅವರು ತಡೆಯಲಿಲ್ಲ. "ಟಗರು ಗೆದ್ರೆ ಬಸ್ಸಲ್ಲಿ ತರ್ತೀಯಾ?" ಎಂದು ಕೇಳಿ, ಟೊಮೆಟೊಗೆ ನೀರು ಹಾಕಲು ಹೋದರು.

ಭವನದ ಬಾಗಿಲಲ್ಲಿ ಟಗರನ್ನು ಕಟ್ಟಿದ್ದರು. ಅದರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದರು, ಅದು ಹಾರವನ್ನು ತಿನ್ನುತ್ತಿತ್ತು. ನಾನು ಒಳಗೆ ಕಾಲಿಟ್ಟೆನೋ ಇಲ್ಲವೋ, ಸಂಘದ ಕಾರ್ಯದರ್ಶಿ ಯೋಗೇಶ ನನ್ನನ್ನು ಗುರುತಿಸಿಬಿಟ್ಟ. ಹತ್ತು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದವನು. "ಲೇ, ನಮ್ ಮ್ಯಾಥ್ಸ್ ಮೇಡಮ್ಮು ಕಣ್ಲಾ! ಕುರ್ಚಿ ತನ್ರಲಾ!" ನಾನು ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯ ಮೇಲಿದ್ದೆ. ಇನ್ನೊಂದು ನಿಮಿಷಕ್ಕೆ ಹೆಗಲ ಮೇಲೆ ಶಾಲಿತ್ತು, ಕೈಯಲ್ಲಿ ಸೇಬು ಕಿತ್ತಳೆಯ ತಟ್ಟೆಯಿತ್ತು. ನಮ್ಮ ಕಡೆ ಸಮಾರಂಭಕ್ಕೆ ಟೀಚರೊಬ್ಬಳು ತಾನಾಗಿ ಬಂದಳೆಂದರೆ ಅತಿಥಿಯಾಗಿಯೇ ಬಂದಿರಬೇಕು, ಬೇರೆ ಕಾರಣ ಯಾರಿಗೂ ಹೊಳೆಯುವುದಿಲ್ಲ. ಯೋಗೇಶ ಮೈಕು ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದ, "ಮೊಬೈಲಿಂದ ಆಗೋ ತೊಂದ್ರೆ ಬಗ್ಗೆ ಎರಡು ಮಾತಾಡ್ಬುಡಿ ಮೇಡಂ. ಊರಿನ ದೊಡ್ಡೋರು ಬಂದವ್ರೆ, ಅವ್ರಿಗೂ ಸಮಾಧಾನ ಆಗ್ಲಿ."

ಎದ್ದು ನಿಂತೆ. ಎಲ್ಲರಿಗೂ ನಮಸ್ಕಾರ ಎಂದೆ. ಅಷ್ಟರಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ಗಡಿಬಿಡಿಯಲ್ಲಿ ಮೈಕು ಹಿಡಿದ ಕೈಯಲ್ಲೇ ಎತ್ತಿದೆ. ನಯಾಜನ ದನಿ ಭವನದ ತುಂಬ ಮೊಳಗಿತು: "ಆಪಾ, ಎಲ್ಲಿ ಸತ್ತೋದೆ? ತಂಡದ ಹೆಸ್ರು ಕೂಗ್ತಾವ್ರೆ!"

"ಇಲ್ಲೇ ಇದ್ದೀನಿ ಕಣಪ್ಪ, ವೇದಿಕೆ ಮೇಲೆ" ಎಂದೆ. ಅದೂ ಮೈಕಿನಲ್ಲೇ ಹೋಯಿತು.

ಹಿಂದಿನ ಸಾಲಿನಲ್ಲಿ ಮೂವರು ಎದ್ದು ನಿಂತಿದ್ದರು. ಗಡ್ಡದವನು ನಯಾಜ್ ಇರಬೇಕು, ಕಿವಿಯಲ್ಲಿ ಇನ್ನೂ ಫೋನಿತ್ತು. ಅವನು ಮುಂದೆ ಬಂದು, ತಲೆ ತಗ್ಗಿಸಿ, "ಮಾಫ್ ಮಾಡಿ ಮೇಡಂ, ಗೊತ್ತಿಲ್ದೆ ಏನೇನೋ ಅಂದ್ಬುಟ್ಟಿದ್ದೀನಿ. ನೀವು ಮೇಲೇ ಕೂತ್ಕೊಳಿ. ನಮ್ ಅಂಗಡಿ ಪಕ್ಕದೋನು ಬಂದವ್ನೆ, ಅವ್ನು ಆಡ್ತಾನೆ" ಎಂದ. ನಿಮಗೆ ನಗು ಬರಬಹುದು, ನನಗೆ ಅಳು ಬರುವಷ್ಟು ಸಿಟ್ಟು ಬಂತು. ಎರಡು ವರ್ಷ ಅವನ ಬೆನ್ನು ಕಾದವಳು ನಾನು. ಒಂದು ಶಾಲು ಬಿದ್ದ ತಕ್ಷಣ ನನ್ನ ಜಾಗ ಇನ್ನೊಬ್ಬನಿಗೆ ಹೋಗಿತ್ತು, ಅದೂ ಕೈಮುಗಿದು. ನಮ್ಮಲ್ಲಿ ಹೆಂಗಸರನ್ನೂ ವಯಸ್ಸಾದವರನ್ನೂ ಆಟದಿಂದ ಹೊರಗಿಡಲು ಯಾರೂ ಕತ್ತು ಹಿಡಿದು ದೂಡುವುದಿಲ್ಲ. ಒಂದು ಕುರ್ಚಿ ಹಾಕುತ್ತಾರೆ, ಅಷ್ಟೆ.

ಶಾಲನ್ನು ತೆಗೆದು ಕುರ್ಚಿಗೇ ಹೊದಿಸಿದೆ. "ನಾಲ್ಕನೆಯವಳು ನಾನು. ನನ್ನ ಹೆಸರೇ ಬರೆಸಿರೋದು" ಎಂದು ಮೈಕಿನಲ್ಲೇ ಹೇಳಿ ಕೆಳಗಿಳಿದೆ. ಮುಂದಿನ ಸಾಲಿನ ಹಿರಿಯರೊಬ್ಬರು, ಮೊಬೈಲಿನ ತೊಂದರೆ ಎಂದರೆ ಇದೇ ಇರಬೇಕು ಎಂಬಂತೆ ತಲೆಯಾಡಿಸಿದರು.

ಮೊದಲ ಸುತ್ತು ಹಾಳಾಯಿತು. ಮೂವರೂ ನನ್ನನ್ನು ಒಂದು ಗೋಡೆಯ ಹಿಂದೆ ನಿಲ್ಲಿಸಿ, ಮೇಡಂ ದಯವಿಟ್ಟು ಬಗ್ಗಿ, ಮೇಡಂ ಸ್ವಲ್ಪ ಈ ಕಡೆ ಬರ್ತೀರಾ ಎಂದು ಬಿನ್ನವಿಸಿಕೊಳ್ಳುತ್ತಿದ್ದರು. ಅವರು ಬಿನ್ನಹ ಮುಗಿಸುವುದರೊಳಗೆ ಎದುರಾಳಿಗಳು ನಮ್ಮನ್ನು ಮುಗಿಸಿದರು. ಒಂಬತ್ತನೇ ಜಾಗ. ನಾನು ಮೂವರನ್ನೂ ಮೂಲೆಗೆ ಕರೆದೆ. "ನಿನ್ನೆ ತನಕ ನನ್ನನ್ನ ಬಾಯಿಗೆ ಬಂದಂಗೆ ಬಯ್ತಿದ್ರಲ್ಲ, ಅವ್ರನ್ನ ಕರ್ಕೊಂಡು ಬನ್ನಿ. ನಿಮ್ ಜೊತೆ ನಾನು ಆಡಲ್ಲ" ಎಂದೆ. ಮಂಜ ಹಲ್ಲು ಕಿರಿದ.

ಎರಡನೇ ಸುತ್ತಿನಲ್ಲಿ ಐದು ನಿಮಿಷ ಮೂವರೂ ನನಗೆ ಬರೀ ಕೈಸನ್ನೆಯಲ್ಲಿ ದಾರಿ ತೋರಿಸಿದರು. ಆಮೇಲೆ ಗುಂಡು ಹಾರತೊಡಗಿದಾಗ ಮಂಜನಿಗೆ ತಡೆಯಲಾಗಲಿಲ್ಲ. "ಲೇ ಅಕ್ಕಾ, ಬಗ್ಗು, ಬಗ್ಗೂ!" ಬಗ್ಗಿದೆ. ನನ್ನ ಹಿಂದೆ ಬಂದವನು ಸತ್ತ. ಆ ಸುತ್ತು ಗೆದ್ದೆವು. ಭವನದಲ್ಲಿ ಸಿಳ್ಳೆ ಬಿತ್ತು, ಹೊರಗೆ ಟಗರೂ ಒಂದು ಸಲ ಅರಚಿತು.

ಮೂರನೇ ಸುತ್ತಿನಲ್ಲಿ ಕೊನೆಗೆ ಉಳಿದದ್ದು ಎರಡು ತಂಡ. ನಾವು ನಾಲ್ವರು, ಅವರು ಇಬ್ಬರು. ಈ ಸುತ್ತು ಗೆದ್ದರೆ ಅಂಕದ ಲೆಕ್ಕದಲ್ಲಿ ಟಗರು ನಮ್ಮದೇ. ನಯಾಜ್ ಇಳಿದನಿಯಲ್ಲಿ, "ಕಾಯ್ಬೇಕು ಆಪಾ, ಅವ್ರೇ ಬರ್ಲಿ" ಎಂದ. ನನಗೆ ಕಾಯಲಾಗಲಿಲ್ಲ. ಕೊನೆಯ ಇಬ್ಬರನ್ನೂ ನಾನೇ ಹೊಡೆಯಬೇಕು, ಕುರ್ಚಿ ಹಾಕಿದವರೆಲ್ಲ ನೋಡಬೇಕು ಎಂಬ ಆಸೆ ಬಂತು. ಬಂಡೆಯ ಮರೆಯಿಂದ ಹೊರಗೆ ಓಡಿದೆ. ಅವರು ನನ್ನನ್ನು ಹೊಡೆದು, ನಾನು ಓಡಿಬಂದ ಜಾಗದಿಂದಲೇ ಉಳಿದ ಮೂವರ ಅಡಗುತಾಣ ತಿಳಿದುಕೊಂಡು ಬಾಂಬು ಎಸೆದರು. ಎರಡನೇ ಬಹುಮಾನ, ಎರಡು ಕೋಳಿ.

ನಯಾಜ್ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತ. "ನಿನ್ನಿಂದ್ಲೇ ಸೋತಿದ್ದು ಆಪಾ! ಕಾಯಿ ಅಂದ್ರೆ ಕಾಯಕ್ಕಾಗಲ್ವಾ ನಿಂಗೆ?" ಯಾರೋ, "ಲೇ, ಮೇಡಂ ಕಣ್ಲಾ, ಮರ್ಯಾದೆ ಕೊಡು" ಎಂದರು. ನಯಾಜ್ ಅತ್ತ ತಿರುಗಿ, "ಮೇಡಂ ಆದ್ರೇನಪ್ಪ, ಟಗರು ಹೋಯ್ತಲ್ಲ!" ಎಂದ. "ಹೂಂ ಕಣ್ಲಾ, ನಂದೇ ತಪ್ಪು" ಎಂದೆ. ಹಾಗೆಂದದ್ದಕ್ಕೆ ಅವನೇನೂ ತಣ್ಣಗಾಗಲಿಲ್ಲ, ಬಸ್ ಸ್ಟಾಪಿನವರೆಗೂ ನನ್ನ ಪಕ್ಕದಲ್ಲೇ ನಡೆಯುತ್ತ, ನಾನು ಯಾವ ಕಲ್ಲಿನ ಹಿಂದೆ ಎಷ್ಟು ಹೊತ್ತು ಕೂರಬೇಕಿತ್ತೆಂದು ಪಾಠ ಹೇಳಿದ. ನನಗೂ ರೇಗಿತು. ಬಾಂಬು ಬಿದ್ದಾಗ ನೀವು ಮೂವರೂ ಯಾಕೆ ಒಂದೇ ಕಡೆ ಇದ್ದಿರಿ ಎಂದು ನಾನೂ ದಬಾಯಿಸಿದೆ. ನಾಳೆ ಸಂಜೆ ಹೊತ್ತಿಗೆ ಸರಿಯಾಗಿ ಬಂದು ಅಭ್ಯಾಸ ಮಾಡು ಎಂದು ಹೇಳಿ ಅವನು ಬೈಕು ಹತ್ತಿ ಹೋದ.

ನಾಗಮಂಗಲದ ಬಸ್ಸು ಬರುವಷ್ಟರಲ್ಲಿ ಯೋಗೇಶ ಏದುಸಿರು ಬಿಡುತ್ತ ಓಡಿಬಂದ. ಅವನ ಮುಖ ಚಿಕ್ಕದಾಗಿತ್ತು. "ಏನೂ ತಿಳ್ಕೋಬ್ಯಾಡಿ ಮೇಡಂ. ಅವ್ನಿಗೆ ದೊಡ್ಡೋರು ಚಿಕ್ಕೋರು ಅನ್ನೋದು ಗೊತ್ತಾಗಲ್ಲ. ಎಲ್ರ ಮುಂದೆ ಅಂಗೆ ಅಂದ್ಬುಟ್ಟ."

"ಅವನು ಸರಿಯಾಗೇ ಅಂದ ಕಣಪ್ಪ" ಎಂದೆ. "ಬೆಳಿಗ್ಗೆಯಿಂದ ನೀವೆಲ್ಲ ನನಗೆ ಕುರ್ಚಿ ಕೊಟ್ರಿ, ಹಣ್ಣು ಕೊಟ್ರಿ. ಮರ್ಯಾದೆ ಕೊಟ್ಟೋನು ಅವನೊಬ್ಬನೇ."